ಸೈಟು ಎಲ್ಲಿ ಮಾಡಿದ್ದೀರಿ?

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಆವರಣದಲ್ಲಿ 1994ರಲ್ಲಿ ಒಂದು ಟ್ರೇಲರ್ ನಿಂತಿತ್ತು. ಅದರೊಳಗೆ ಜೆರ್ರಿ ಯಾಂಗ್, ಡೇವಿಡ್ ಫೈಲೋ ಎಂಬ ಇಬ್ಬರು ಸಂಶೋಧನ ವಿದ್ಯಾರ್ಥಿಗಳು ಪ್ರಬಂಧ ಬರೆಯುವುದನ್ನು ಬಿಟ್ಟು ಬೇರೇನನ್ನೋ ಮಾಡುತ್ತ ಕುಳಿತಿದ್ದರು. ಆಗಿನ್ನೂ ಕಣ್ಣು ಬಿಡುತ್ತಿದ್ದ ವೆಬ್‌ನಲ್ಲಿ ಎಲ್ಲೆಲ್ಲಿ ಏನೇನಿದೆ ಎಂಬುದರ ಪಟ್ಟಿ ಅದು. ಪಟ್ಟಿಯನ್ನು ಇಟ್ಟಿದ್ದು ಅವರು ಓದಿಗೆಂದು ಬಳಸುತ್ತಿದ್ದ ಕಂಪ್ಯೂಟರಿನಲ್ಲೇ. ಆ ಯಂತ್ರದ ಹೆಸರು ಅಕೆಬೊನೊ. ಹುಡುಕಿ ಕೊಡುವ ತಂತ್ರಾಂಶವಿದ್ದ ಇನ್ನೊಂದರ ಹೆಸರು ಕೊನಿಷಿಕಿ. ಇಬ್ಬರೂ ಹವಾಯಿ ದ್ವೀಪದಿಂದ ಜಪಾನಿಗೆ ಹೋಗಿ ಹೆಸರು ಮಾಡಿದ ಸುಮೊ ಪೈಲ್ವಾನರು. ಪೈಲ್ವಾನರ ಹೆಸರಿಟ್ಟರೇನು, ಬಂದುಹೋಗುವ ಜನರ ಭಾರ ಹೊರಲು ಆ ಯಂತ್ರಗಳಿಂದ ಆಗಲಿಲ್ಲ. ವಿಶ್ವವಿದ್ಯಾಲಯದ ಜಾಲವೇ ಏದುಸಿರು ಬಿಡತೊಡಗಿತು. 1995ರ ಆರಂಭದಲ್ಲಿ ನೆಟ್‌ಸ್ಕೇಪ್ ಕಂಪನಿಯ ಮಾರ್ಕ್ ಆಂಡ್ರೀಸನ್ ತಮ್ಮಲ್ಲಿದ್ದ ದೊಡ್ಡ ಕಂಪ್ಯೂಟರುಗಳಲ್ಲಿ ಜಾಗ ಕೊಡಲು ಮುಂದೆ ಬಂದರು. ಹುಡುಗರು ಗಂಟು ಮೂಟೆ ಕಟ್ಟಿದರು. ಆ ಪಟ್ಟಿಯೇ ‘ಯಾಹೂ’.

ಈ ಕತೆಯಲ್ಲಿ ಎಲ್ಲರೂ ಹೇಳುವುದು ಆಮೇಲೆ ಬಂದ ಕೋಟಿಗಳನ್ನು. ಹೇಳದೆ ಬಿಡುವುದು ಒಂದಿದೆ: ಅವರು ಹೊರಡಲು ಸಾಧ್ಯವಾಯಿತು ಎಂಬುದು. ಪಟ್ಟಿ ಅವರ ಕೈಯಲ್ಲಿತ್ತು, ತಂತ್ರಾಂಶ ಅವರೇ ಬರೆದದ್ದಾಗಿತ್ತು. ಒಂದು ಯಂತ್ರದಿಂದ ಎತ್ತಿ ಇನ್ನೊಂದರಲ್ಲಿ ಇಟ್ಟರೆ ಮುಗಿಯಿತು.

ಬೆಂಗಳೂರಿನಲ್ಲಿ ‘ಸೈಟು ಎಲ್ಲಿ ಮಾಡಿದ್ದೀರಿ?’ ಎಂದು ಕೇಳಿದರೆ ಜನ ಬಡಾವಣೆಯ ಹೆಸರು ಹೇಳುತ್ತಾರೆ. ಅದೇ ಪ್ರಶ್ನೆಯನ್ನು ವೆಬ್‌ಸೈಟು ಮಾಡಿದವರಿಗೆ ಕೇಳಿ ನೋಡಿ, ಅರ್ಧಕ್ಕರ್ಧ ಮಂದಿ ತಲೆ ಕೆರೆದುಕೊಳ್ಳುತ್ತಾರೆ. ‘ಇಂಟರ್ನೆಟ್‌ನಲ್ಲಿ’ ಎಂದುಬಿಡುವವರೂ ಇದ್ದಾರೆ. ಅದು ‘ಮನೆ ಭೂಮಿಯ ಮೇಲಿದೆ’ ಎಂದ ಹಾಗೆ. ವೆಬ್‌ಸೈಟು ಎಂಬುದು ಎಲ್ಲೋ ಒಂದು ಕಡೆ, ಯಾರದೋ ಕಟ್ಟಡದಲ್ಲಿ, ಎಂದೂ ಆರಿಸದ ಕಂಪ್ಯೂಟರಿನ ಒಂದು ಮೂಲೆಯಲ್ಲಿ ಇರಲೇಬೇಕು. ಜಗತ್ತಿನ ಮೊತ್ತಮೊದಲ ವೆಬ್ ಸರ್ವರ್ ಜಿನೀವಾ ಬಳಿಯ ‘ಸರ್ನ್’ ಪ್ರಯೋಗಾಲಯದಲ್ಲಿ ಟಿಮ್ ಬರ್ನರ್ಸ್-ಲೀ ಅವರ ಮೇಜಿನ ಮೇಲಿದ್ದ ‘ನೆಕ್ಸ್ಟ್’ ಕಂಪ್ಯೂಟರು. ಇದು ಸರ್ವರ್, ದಯವಿಟ್ಟು ಆರಿಸಬೇಡಿ ಎಂಬರ್ಥದ ಚೀಟಿಯನ್ನು ಅದಕ್ಕೆ ಕೆಂಪು ಶಾಯಿಯಲ್ಲಿ ಬರೆದು ಅಂಟಿಸಿದ್ದರು. ಯಾರಾದರೂ ಗುಂಡಿ ಒತ್ತಿದ್ದರೆ ಅಂದಿನ ಇಡೀ ವೆಬ್ ಮಾಯವಾಗುತ್ತಿತ್ತು! ಇಂದಿನ ಹೋಸ್ಟಿಂಗ್ ಉದ್ಯಮ ಮಾರುತ್ತಿರುವುದು, ಒಂದರ್ಥದಲ್ಲಿ, ಆ ಚೀಟಿಯನ್ನೇ.

ಈಗ ಒಬ್ಬ ಹುಡುಗಿಯನ್ನು ಕಲ್ಪಿಸಿಕೊಳ್ಳೋಣ. ಊರು ಶಿರಸಿ ಕಡೆ, ಓದುತ್ತಿರುವುದು ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್. ತಲೆಯಲ್ಲಿ ಹತ್ತು ಹುಳ. ಕನ್ನಡ ಪದಗಳ ಆಟವೊಂದನ್ನು ಬರೆದಿದ್ದಾಳೆ. ಅಪ್ಪನಿಗಾಗಿ ರಾಶಿ, ಚಾಲಿ, ಬೆಟ್ಟೆ ಅಡಿಕೆಯ ಧಾರಣೆಯನ್ನು ದಿನಾ ಸಂಜೆ ತಾನಾಗಿಯೇ ಕಲೆಹಾಕುವ ಪುಟವೊಂದು ಆಗಬೇಕು. ಅಜ್ಜನ ಕಾಲದ ತಾಳಮದ್ದಳೆಯ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಇಳಿಸಿದ್ದಾಳೆ, ಅವನ್ನು ನಾಲ್ಕು ಜನ ಕೇಳುವಂತಾಗಬೇಕು. ಊರಿನ ಗ್ರಂಥಾಲಯಕ್ಕೆ ವರ್ಡ್‌ಪ್ರೆಸ್‌ನಲ್ಲಿ ಒಂದು ಸೈಟು ಮಾಡಿಕೊಡುವುದಾಗಿ ಮಾತು ಕೊಟ್ಟಾಗಿದೆ. ಜೊತೆಗೆ ಗೆಳತಿಯರು ನಾಲ್ವರು ಒಟ್ಟಿಗೆ ಆಡಬಹುದಾದ ಚೌಕಾಬಾರ. ಐದು ಕೆಲಸ, ಐದಕ್ಕೂ ಐದು ಬಗೆಯ ಹಸಿವು. ಕೈಯಲ್ಲಿರುವುದು ತಿಂಗಳಿಗೆ ನಾನೂರು, ಹೆಚ್ಚೆಂದರೆ ಐನೂರು ರೂಪಾಯಿ.

ಇವಳು ಎಲ್ಲಿ ಮನೆ ಹುಡುಕಬೇಕು?

ಎಲ್ಲಕ್ಕಿಂತ ಅಗ್ಗವಾಗಿ ಕಾಣುವುದು ‘ಶೇರ್ಡ್ ಹೋಸ್ಟಿಂಗ್’. ಇದು ನಮ್ಮ ಹಳೇ ಮೈಸೂರು, ಬೆಂಗಳೂರಿನ ವಠಾರವೇ. ಒಂದೇ ಅಂಗಳ, ಒಂದೇ ನಲ್ಲಿ, ಸಾಲಾಗಿ ಮನೆಗಳು. ಒಂದೇ ಸರ್ವರ್‌ನಲ್ಲಿ ನೂರಾರು ಸೈಟುಗಳು. ಇದು ಸಾಧ್ಯವಾದದ್ದರ ಹಿಂದೆ ಪುಟ್ಟದೊಂದು ಉಪಾಯವಿದೆ. ಮೊದಲು ಪ್ರತಿ ಸೈಟಿಗೂ ಅಂತರ್ಜಾಲದಲ್ಲಿ ಅದರದ್ದೇ ಆದ ಅಂಕಿಗಳ ವಿಳಾಸ ಬೇಕಾಗುತ್ತಿತ್ತು. ಅಂಥ ವಿಳಾಸಗಳೋ ಒಟ್ಟು ಸುಮಾರು 430 ಕೋಟಿ ಮಾತ್ರ. 1997ರಲ್ಲಿ ಪ್ರಕಟವಾದ ಎಚ್‌ಟಿಟಿಪಿ 1.1 ನಿಯಮಾವಳಿ, ಬ್ರೌಸರು ಬಾಗಿಲು ತಟ್ಟುವಾಗ ತನಗೆ ಯಾರು ಬೇಕೆಂದು ಹೆಸರನ್ನೂ ಹೇಳಬೇಕು ಎಂದು ಕಡ್ಡಾಯ ಮಾಡಿತು. ಕಾರ್ಡಿನ ಮೇಲೆ ವಠಾರದ ನಂಬರಿನ ಜೊತೆ ಮನೆಯವರ ಹೆಸರೂ ಇದ್ದರೆ ಅಂಚೆಯವನಿಗೆ ಗೊಂದಲವಿಲ್ಲ, ಅಲ್ಲವೇ? ಆಗಿನಿಂದ ಒಂದೇ ಅಂಕಿ ವಿಳಾಸದ ಹಿಂದೆ ಎಷ್ಟು ಸಂಸಾರ ಬೇಕಾದರೂ ಹೂಡಬಹುದಾಯಿತು, ಬಾಡಿಗೆ ಪಾತಾಳಕ್ಕಿಳಿಯಿತು.

ವಠಾರದ ಸುಖ ವಠಾರದಲ್ಲಿದ್ದವರಿಗೇ ಗೊತ್ತು. ನೀರು ನಿಂತರೆ ಯಜಮಾನರು ನೋಡಿಕೊಳ್ಳುತ್ತಾರೆ, ಬೀಗ ಹಾಕುವುದೂ ಅವರೇ. ನಮ್ಮ ಹುಡುಗಿಯ ಗ್ರಂಥಾಲಯದ ವರ್ಡ್‌ಪ್ರೆಸ್ ಅಲ್ಲಿ ಆರಾಮವಾಗಿ ಇರುತ್ತದೆ. ಆದರೆ ಚೌಕಾಬಾರ? ನಾಲ್ಕು ಆಟಗಾರ್ತಿಯರ ಜೊತೆ ಸಂಪರ್ಕವನ್ನು ಎಡೆಬಿಡದೆ ಹಿಡಿದುಕೊಂಡೇ ಇರುವ ಪ್ರೋಗ್ರಾಂ ಅದು. ವಠಾರದಲ್ಲಿ ರಾತ್ರಿಯಿಡೀ ನಲ್ಲಿ ಬಿಟ್ಟುಕೊಂಡವರನ್ನು ಯಜಮಾನರು ಸುಮ್ಮನೆ ಬಿಡುತ್ತಾರೆಯೇ? ಬಹುತೇಕ ಶೇರ್ಡ್ ಹೋಸ್ಟಿಂಗ್‌ಗಳಲ್ಲಿ ಅಂಥ ಪ್ರೋಗ್ರಾಮನ್ನು ಓಡಲು ಬಿಡುವುದಿಲ್ಲ, ಓಡಿದರೂ ಸ್ವಲ್ಪ ಹೊತ್ತಿಗೆ ಕತ್ತು ಹಿಚುಕುತ್ತಾರೆ. ಬೇಕಾದ ತಂತ್ರಾಂಶ ಹಾಕಿಕೊಳ್ಳುವಂತಿಲ್ಲ, ಇರುವುದರ ಆವೃತ್ತಿ ಬದಲಿಸಲೂ ಅವರ ಮರ್ಜಿ. ‘ಅನ್‌ಲಿಮಿಟೆಡ್’ ಎಂದು ದಪ್ಪ ಅಕ್ಷರದಲ್ಲಿ ಬರೆದವರು ಫೈಲುಗಳ ಸಂಖ್ಯೆ ಇಷ್ಟನ್ನು ಮೀರಬಾರದು ಎಂದು ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ. ಮೊದಲ ವರ್ಷದ ಬಾಡಿಗೆ ಕಂಡು ಮರುಳಾದವರು ಎರಡನೇ ವರ್ಷದ ಬಾಡಿಗೆಯನ್ನೂ ಒಮ್ಮೆ ಓದುವುದು ಒಳ್ಳೆಯದು. ಅದು ಮೂರು ಪಟ್ಟು ಆಗಿರುವುದು ಅಪರೂಪವೇನಲ್ಲ.

ಪದಗಳ ಆಟಕ್ಕೆ ಇಷ್ಟೆಲ್ಲ ರಗಳೆ ಬೇಕಿಲ್ಲ. ಆಟದ ಲೆಕ್ಕಾಚಾರವೆಲ್ಲ ನಡೆಯುವುದು ಆಡುವವರ ಬ್ರೌಸರಿನಲ್ಲೇ. ಸರ್ವರ್ ಮಾಡಬೇಕಾದ್ದು ಎರಡು ಮೂರು ಫೈಲುಗಳನ್ನು ಕೇಳಿದವರಿಗೆ ಕೊಡುವುದು, ಅಷ್ಟೇ. ಇಂಥ ‘ಸ್ಥಿರ’ ಪುಟಗಳನ್ನು ಬಿಟ್ಟಿಯಾಗಿ ಇಟ್ಟುಕೊಳ್ಳುವವರಿದ್ದಾರೆ. ಗಿಟ್‌ಹಬ್ ಕಂಪನಿ 2008ರಿಂದಲೂ ಇದನ್ನು ಮಾಡುತ್ತಿದೆ. ಸೈಟು ಒಂದು ಗಿಗಾಬೈಟ್ ಮೀರಬಾರದು, ತಿಂಗಳಿಗೆ ನೂರು ಗಿಗಾಬೈಟಿನಷ್ಟು ಸಾಗಾಟವಾದರೆ ಸಾಕು ಎಂಬ ಮೆದು ಮಿತಿ ಉಂಟು. ಪದಗಳ ಆಟಕ್ಕೆ ಅದು ಸಮುದ್ರ. ತಾಳಮದ್ದಳೆಗೆ ಮಾತ್ರ ಲೆಕ್ಕ ಹಾಕಿ ನೋಡಬೇಕು. ಸೆಕೆಂಡಿಗೆ 64 ಕಿಲೋಬಿಟ್ ಗುಣಮಟ್ಟದಲ್ಲಿ ಮಾಡಿದ ಮೂರು ಗಂಟೆಯ ಧ್ವನಿಮುದ್ರಣ ಸುಮಾರು 86 ಮೆಗಾಬೈಟ್ ತೂಗುತ್ತದೆ. ಅಂಥ ಹನ್ನೆರಡು ಪ್ರಸಂಗ ಸೇರಿದರೆ ಗಿಗಾಬೈಟ್ ದಾಟಿತು. ಒಂದೇ ಪ್ರಸಂಗವನ್ನು ಸಾವಿರ ಮಂದಿ ಕೊನೆತನಕ ಕೇಳಿದರೆ 86 ಗಿಗಾಬೈಟ್ ಸಾಗಾಟ. ಅಜ್ಜನ ಅರ್ಥಗಾರಿಕೆಗೆ ಅಷ್ಟು ಅಭಿಮಾನಿಗಳು ಇದ್ದರೆ ಸಂತೋಷವೇ. ಬಿಲ್ಲು ಬರುವಾಗಲೂ ಸಂತೋಷ ಉಳಿಯಬೇಕಲ್ಲ.

ಬಿಲ್ಲಿನ ಮಾತು ಬಂತು. ‘ಬಳಸಿದಷ್ಟಕ್ಕೆ ಮಾತ್ರ ಹಣ’ ಎಂಬ ಮಾತು ಕಿವಿಗೆ ಇಂಪು. 2024ರ ಫೆಬ್ರುವರಿಯಲ್ಲಿ ನೆಟ್ಲಿಫೈ ಎಂಬ ಹೋಸ್ಟಿಂಗ್ ಕಂಪನಿಯ ಗ್ರಾಹಕನೊಬ್ಬನಿಗೆ ಒಂದು ಲಕ್ಷ ಡಾಲರಿಗೂ ಮಿಕ್ಕಿದ ಬಿಲ್ಲು ಬಂತು. ಅವನಿಟ್ಟಿದ್ದು ಒಂದು ಸರಳ ಸ್ಥಿರ ಸೈಟು. ಅದರಲ್ಲಿದ್ದ ಮೂರೂವರೆ ಮೆಗಾಬೈಟಿನ ಒಂದು ಹಾಡನ್ನು ಯಾರೋ ಕಿಡಿಗೇಡಿಗಳು ಯಂತ್ರಗಳನ್ನು ಹಚ್ಚಿ ಮತ್ತೆ ಮತ್ತೆ ಎಳೆದುಕೊಂಡಿದ್ದರು. ವಿಷಯ ಬಯಲಾಗಿ ಗದ್ದಲವೆದ್ದ ಮೇಲೆ ಕಂಪನಿ ಇಡೀ ಬಿಲ್ಲನ್ನು ಮನ್ನಾ ಮಾಡಿತು. ಗದ್ದಲವೇಳದಿದ್ದರೆ? ಪ್ರಯೋಗ ಮಾಡುವವರು ಕೇಳಬೇಕಾದ ಪ್ರಶ್ನೆ ‘ತಿಂಗಳಿಗೆ ಕಡಿಮೆ ಎಂದರೆ ಎಷ್ಟು?’ ಅಲ್ಲ, ‘ಹೆಚ್ಚೆಂದರೆ ಎಷ್ಟು?’ ಎಂಬುದು. ಇಂತಿಷ್ಟು ದಾಟಿದರೆ ಸೈಟನ್ನೇ ನಿಲ್ಲಿಸಿಬಿಡು ಎಂದು ಹೇಳಿಡಲು ಸಾಧ್ಯವಿದೆಯೇ? ಮುಂಗಡ ಕಟ್ಟಿದ ಹಣ ಮುಗಿದಾಗ ತಾನಾಗಿ ಆರುತ್ತದೆಯೇ? ಕಂಪನಿಯ ಪುಟದಲ್ಲಿ ಇದಕ್ಕೆ ಉತ್ತರ ಸಿಗದಿದ್ದರೆ, ಉತ್ತರ ‘ಇಲ್ಲ’ ಎಂದೇ ಎಣಿಸುವುದು ಕ್ಷೇಮ.

ನಮ್ಮ ದೇಶದವರಿಗೆ ಇನ್ನೊಂದು ತೊಡಕುಂಟು. 2021ರ ಅಕ್ಟೋಬರ್ 1ರಿಂದ, ತಿಂಗಳು ತಿಂಗಳು ಕಾರ್ಡಿನಿಂದ ತಾನಾಗಿ ಹಣ ಕಡಿತವಾಗುವ ವ್ಯವಸ್ಥೆಗೆ ರಿಸರ್ವ್ ಬ್ಯಾಂಕು ಹೊಸ ಕಟ್ಟುಪಾಡು ತಂದಿತು. ಗ್ರಾಹಕರ ಹಿತಕ್ಕಾಗಿಯೇ ತಂದದ್ದು. ಆದರೆ ಹಲವು ವಿದೇಶಿ ಕಂಪನಿಗಳ ಯಂತ್ರಗಳು ಅದಕ್ಕೆ ಒಗ್ಗಲಿಲ್ಲ. ಕಾರ್ಡಿನಲ್ಲಿ ಹಣವಿದ್ದೂ ಬಾಡಿಗೆ ಸಂದಾಯವಾಗದೆ ಒದ್ದಾಡಿದವರು ಅನೇಕರು. ಬಾಡಿಗೆ ನಿಂತರೆ ಮೊದಲು ಎಚ್ಚರಿಕೆ, ಆಮೇಲೆ ಬೀಗ, ಆಮೇಲೆ ಸಾಮಾನು ಬೀದಿಗೆ. ಅದಕ್ಕೂ ಮುಂಚೆ ಸಾಮಾನೇ ಮಾಯ! ಹಾಗಾಗಿ ಹಣವನ್ನು ಮೊದಲೇ ಕಟ್ಟಿಡಲು ಬಿಡುವವರು, ಯುಪಿಐ ಒಪ್ಪುವವರು ಒಂದಿಷ್ಟು ದುಬಾರಿಯಾದರೂ ವಿದ್ಯಾರ್ಥಿಗಳಿಗೆ ಅನುಕೂಲ.

ಇನ್ನು ಪೇಯಿಂಗ್ ಗೆಸ್ಟ್ ಪದ್ಧತಿ. ಹಾಸಿಗೆ, ಊಟ, ಕಸಗುಡಿಸುವುದು ಎಲ್ಲ ಅವರದೇ; ನೀವು ಪ್ರೋಗ್ರಾಂ ಬರೆದು ಒಪ್ಪಿಸಿದರೆ ಸಾಕು, ಓಡಿಸುವ ಚಿಂತೆ ಅವರದು. 2007ರಲ್ಲಿ ಹುಟ್ಟಿದ ಹೆರೊಕು ಕಂಪನಿ ಇದನ್ನು ಜನಪ್ರಿಯಗೊಳಿಸಿತು. ಬಿಟ್ಟಿಯಾಗಿಯೂ ಒಂದು ಮೂಲೆ ಕೊಡುತ್ತಿತ್ತು. ಅರ್ಧ ಗಂಟೆ ಯಾರೂ ಬಾರದಿದ್ದರೆ ನಿಮ್ಮ ಪ್ರೋಗ್ರಾಮನ್ನು ಮಲಗಿಸಿಬಿಡುತ್ತಿತ್ತು, ಯಾರಾದರೂ ಬಂದರೆ ಎಬ್ಬಿಸುತ್ತಿತ್ತು. ಜಗತ್ತಿನಾದ್ಯಂತ ಎಷ್ಟೋ ವಿದ್ಯಾರ್ಥಿಗಳ ಮೊದಲ ಸೈಟು ಎದ್ದದ್ದು ಅಲ್ಲಿಯೇ. ಕಂಪನಿಯನ್ನು 2010ರಲ್ಲಿ ಸೇಲ್ಸ್‌ಫೋರ್ಸ್ ಕೊಂಡುಕೊಂಡಿತು. 2022ರ ನವೆಂಬರ್ 28ಕ್ಕೆ ಬಿಟ್ಟಿ ಊಟ ಬಂದ್ ಆಯಿತು. ಅಲ್ಲಿಂದ ಹೊರಬಿದ್ದವರಲ್ಲಿ ಕೆಲವರು ‘ಗ್ಲಿಚ್’ ಎಂಬ ಇನ್ನೊಂದು ತಾಣಕ್ಕೆ ಹೋದರು. ಪ್ರಯೋಗಕ್ಕೆಂದೇ ಹೇಳಿ ಮಾಡಿಸಿದಂತಿದ್ದ ಅದು ಕೂಡ 2025ರ ಜುಲೈ 8ರಂದು ಹೋಸ್ಟಿಂಗ್ ನಿಲ್ಲಿಸಿತು. ಹಾಗೆಂದು ಇವರು ಮೋಸ ಮಾಡಿದರು ಎನ್ನುವಂತಿಲ್ಲ. ಇಬ್ಬರೂ ಮೊದಲೇ ತಿಳಿಸಿ, ಸಾಮಾನು ಒಯ್ಯಲು ಗಡುವು ಕೊಟ್ಟೇ ಮುಚ್ಚಿದರು. ಬಿಟ್ಟಿ ಜಾಗಕ್ಕೆ ಯಾರಾದರೊಬ್ಬರು ಬಾಡಿಗೆ ಕಟ್ಟುತ್ತಲೇ ಇರಬೇಕು, ಅವರಿಗೆ ಸಾಕೆನಿಸಿದ ದಿನ ಅದು ಮುಗಿಯುತ್ತದೆ.

ಮುಚ್ಚಿದ್ದರಲ್ಲೆಲ್ಲ ದೊಡ್ಡದು ಜಿಯೋಸಿಟೀಸ್. 1994ರಲ್ಲಿ ಶುರುವಾದ ಅದು ಸಾಮಾನ್ಯರಿಗೆ ಪುಕ್ಕಟೆಯಾಗಿ ಪುಟ ಕಟ್ಟಿಕೊಳ್ಳಲು ಜಾಗ ಕೊಡುತ್ತಿತ್ತು. ಅದೂ ಬಡಾವಣೆಗಳ ಲೆಕ್ಕದಲ್ಲಿ: ಸಿನಿಮಾ ಹುಚ್ಚಿನವರಿಗೆ ‘ಹಾಲಿವುಡ್’, ಕಂಪ್ಯೂಟರಿನವರಿಗೆ ‘ಸಿಲಿಕಾನ್ ವ್ಯಾಲಿ’, ಪ್ರತಿಯೊಬ್ಬರಿಗೂ ಒಂದು ಮನೆ ನಂಬರು. ಅದನ್ನು 1999ರಲ್ಲಿ ಸುಮಾರು 350 ಕೋಟಿ ಡಾಲರು ಬೆಲೆಯ ಷೇರು ಕೊಟ್ಟು ಕೊಂಡವರು ಯಾರು? ಯಾಹೂ! ಒಂದು ಕಾಲದಲ್ಲಿ ತಾನೇ ಪರರ ಕಂಪ್ಯೂಟರಿನಲ್ಲಿ ಆಶ್ರಯ ಪಡೆದಿದ್ದ ಯಾಹೂ. ಕೊಂಡ ಕೆಲವೇ ತಿಂಗಳಲ್ಲಿ, ನಿವಾಸಿಗಳು ಬರೆದದ್ದರ ಮೇಲೆಲ್ಲ ತನಗೆ ಹಕ್ಕಿದೆ ಎಂಬ ಷರತ್ತು ಹಾಕಲು ಹೋಗಿ, ಜನ ರೊಚ್ಚಿಗೆದ್ದಾಗ ಹಿಂದೆ ಸರಿಯಿತು. ಹತ್ತು ವರ್ಷ ಕಳೆದು 2009ರ ಅಕ್ಟೋಬರ್ 26ರಂದು ಇಡೀ ಊರನ್ನೇ ನೆಲಸಮ ಮಾಡಿತು. ಜಪಾನಿನ ಶಾಖೆ ಮಾತ್ರ 2019ರ ಮಾರ್ಚ್ ತನಕ ಉಸಿರಾಡಿತು. ‘ಆರ್ಕೈವ್ ಟೀಮ್’ ಎಂಬ ಸ್ವಯಂಸೇವಕರ ಗುಂಪು ಕೊನೆಯ ತಿಂಗಳುಗಳಲ್ಲಿ ಹಗಲೂ ರಾತ್ರಿ ಕುಳಿತು ಕೈಗೆ ಸಿಕ್ಕಷ್ಟನ್ನು ನಕಲು ಮಾಡಿಟ್ಟಿತು. ಸಿಕ್ಕದ್ದು ಹೋಯಿತು. ತೀರಿಕೊಂಡ ಮಗನ ನೆನಪಿಗೆಂದು ಕಟ್ಟಿದ ಪುಟವೂ ಬೆಕ್ಕಿನ ಚಿತ್ರಗಳ ಪುಟವೂ ಬುಲ್ಡೋಜರಿಗೆ ಒಂದೇ.

ಮೂರನೆಯದು ಫ್ಲ್ಯಾಟು. ಇದರ ಹೆಸರು ‘ವಿಪಿಎಸ್’. ದೊಡ್ಡ ಕಂಪ್ಯೂಟರೊಂದನ್ನು ತಂತ್ರಾಂಶದ ಗೋಡೆಗಳಿಂದ ವಿಂಗಡಿಸಿ, ಒಂದೊಂದು ಭಾಗವೂ ತಾನೇ ಪೂರ್ತಿ ಕಂಪ್ಯೂಟರು ಎಂಬಂತೆ ಮಾಡಿ ಬಾಡಿಗೆಗೆ ಕೊಡುತ್ತಾರೆ. ಒಳಗೆ ನೀವೇ ರಾಜರು. ಬೇಕಾದ ತಂತ್ರಾಂಶ ಹಾಕಿ, ಗೋಡೆಗೆ ಮೊಳೆ ಹೊಡೆಯಿರಿ, ಕೆಟ್ಟರೆ ಅಳಿಸಿ ಮತ್ತೆ ಕಟ್ಟಿ. ಡಿಜಿಟಲ್ ಓಷನ್ ಕಂಪನಿ 2013ರಲ್ಲಿ ತಿಂಗಳಿಗೆ ಐದು ಡಾಲರಿಗೆ ಇಂಥದನ್ನು ಕೊಡತೊಡಗಿದ ಮೇಲೆ ಇದು ವಿದ್ಯಾರ್ಥಿಗಳ ಕೈಗೂ ಎಟುಕಿತು. ಆ ಕಂಪನಿ 2016ರಲ್ಲಿ ಬೆಂಗಳೂರಿನಲ್ಲೂ ಯಂತ್ರಗಳನ್ನು ಇಟ್ಟಿತು. ಅಮೆಜಾನ್ ಅದೇ ವರ್ಷ ಮುಂಬೈಗೆ ಬಂತು. ಹತ್ತಿರವಿದ್ದರೆ ಏನು ಲಾಭ? ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್ ಓಡುತ್ತದೆ. ಕ್ಯಾಲಿಫೋರ್ನಿಯಕ್ಕೆ ಹೋಗಿ ಬರಲು ಸುಮಾರು 28,000 ಕಿಲೋಮೀಟರ್, ಅಂದರೆ ಯಾವ ಅಡೆತಡೆ ಇಲ್ಲದಿದ್ದರೂ ಸೆಕೆಂಡಿನ ಏಳನೆಯ ಒಂದು ಪಾಲು. ಅಡಿಕೆ ಧಾರಣೆ ನೋಡುವವರಿಗೆ ಅದು ಗೊತ್ತೂ ಆಗುವುದಿಲ್ಲ. ಚೌಕಾಬಾರದಲ್ಲಿ ಕವಡೆ ಹಾಕಿದವಳಿಗೆ ಗೊತ್ತಾಗುತ್ತದೆ. ಹೀಗಾಗಿ ಎಲ್ಲ ಪ್ರಯೋಗಕ್ಕೂ ಹತ್ತಿರದ ಸರ್ವರೇ ಬೇಕೆಂಬುದು ಅರ್ಧ ಸತ್ಯ.

ಫ್ಲ್ಯಾಟಿನ ಕಷ್ಟವೆಂದರೆ ಬೀಗವೂ ನಿಮ್ಮದೇ ಜವಾಬ್ದಾರಿ. ಮಿಚಿಗನ್ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿ ‘ಝೆಡ್‌ಮ್ಯಾಪ್’ ಎಂಬ ತಂತ್ರಾಂಶ ಬರೆದು, ಒಂದೇ ಕಂಪ್ಯೂಟರಿನಿಂದ ಮುಕ್ಕಾಲು ಗಂಟೆಯೊಳಗೆ ಅಂತರ್ಜಾಲದ ಅಷ್ಟೂ ಹಳೆಯ ಮಾದರಿಯ ವಿಳಾಸಗಳ ಬಾಗಿಲು ತಟ್ಟಿ ಬರಬಹುದೆಂದು ತೋರಿಸಿದರು. ಸಂಶೋಧಕರಿಗೆ ಸಾಧ್ಯವಾದದ್ದು ಕಳ್ಳರಿಗೆ ಸಾಧ್ಯವಾಗದೇ? ಹೊಸ ಸರ್ವರ್ ಕಣ್ಣು ಬಿಟ್ಟ ಕೆಲವೇ ನಿಮಿಷಗಳಲ್ಲಿ ಯಾರೋ ಅಪರಿಚಿತರು ‘ಅಡ್ಮಿನ್’, ‘1234’ ಎಂದು ಕೀಲಿಗಳನ್ನು ಪ್ರಯತ್ನಿಸುತ್ತಿರುತ್ತಾರೆ. ಸಾಲು ಸಾಲಾಗಿ ದಾಖಲಾಗುವ ಈ ತಟ್ಟುವಿಕೆಯನ್ನು ಮೊದಲ ಸಲ ಕಂಡವರು ಬೆವರುತ್ತಾರೆ. ಪಾಸ್‌ವರ್ಡಿನ ಪ್ರವೇಶವನ್ನೇ ಮುಚ್ಚಿ ಕೀಲಿ-ಫೈಲಿನ ಪ್ರವೇಶವೊಂದನ್ನೇ ಇಟ್ಟುಕೊಂಡರೆ ಆ ತಟ್ಟುವಿಕೆ ಬರೀ ಮಳೆಯ ಸದ್ದು.

ಒಂದೇ ಫ್ಲ್ಯಾಟಿನಲ್ಲಿ ಐದು ಪ್ರಯೋಗ ಒಟ್ಟಿಗೆ ಬಾಳಬೇಕಲ್ಲ, ಜಗಳವಾಗದೇ? ಆಗುತ್ತದೆ. ವರ್ಡ್‌ಪ್ರೆಸ್‌ಗೆ ಬೇಕಾದ ಆವೃತ್ತಿ ಬೇರೆ, ಚೌಕಾಬಾರಕ್ಕೆ ಬೇಕಾದ್ದು ಬೇರೆ. ಒಂದಕ್ಕಾಗಿ ಬದಲಿಸಿದರೆ ಇನ್ನೊಂದು ಮಕಾಡೆ ಮಲಗುತ್ತದೆ. ಇದಕ್ಕೆ ಮದ್ದು ‘ಕಂಟೇನರ್’. ಮಂಗಳೂರು ಬಂದರಿನಲ್ಲಿ ಗೋಡಂಬಿಯನ್ನೂ ಹೆಂಚನ್ನೂ ಒಂದೇ ಅಳತೆಯ ಪೆಟ್ಟಿಗೆಗಳಲ್ಲಿ ತುಂಬಿ ಎತ್ತುವಂತೆ, ಪ್ರತಿ ಪ್ರೋಗ್ರಾಮನ್ನೂ ಅದಕ್ಕೆ ಬೇಕಾದ ಸಾಮಗ್ರಿ ಸಮೇತ ಒಂದು ಪೆಟ್ಟಿಗೆಯಲ್ಲಿ ಮುಚ್ಚಿಡುವುದು. 2013ರಲ್ಲಿ ಬಂದ ‘ಡಾಕರ್’ ತಂತ್ರಾಂಶ ಇದನ್ನು ಮನೆಮಾತಾಗಿಸಿತು. ಒಂದು ಪೆಟ್ಟಿಗೆ ಕೆಟ್ಟರೆ ಪಕ್ಕದ್ದಕ್ಕೆ ಸೋಂಕಿಲ್ಲ. ಅದಕ್ಕಿಂತ ಮುಖ್ಯವಾಗಿ, ಪೆಟ್ಟಿಗೆಯನ್ನು ಎತ್ತಿ ಬೇರೆ ಕಂಪನಿಯ ಸರ್ವರ್‌ನಲ್ಲಿ ಇಡಬಹುದು. ಹೋಸ್ಟಿಂಗ್ ಕಂಪನಿಯವರು ಕೊಡುವ ‘ನಮ್ಮಲ್ಲಿ ಮಾತ್ರ’ ಎಂಬ ವಿಶೇಷ ಸೌಲಭ್ಯಗಳನ್ನು ಪ್ರಯೋಗಾರ್ಥಿಗಳು ಸ್ವಲ್ಪ ಸಂಶಯದಿಂದ ನೋಡಬೇಕಾದ್ದು ಇದಕ್ಕೇ. ಗೋಡೆಗೆ ಕಟ್ಟಿದ ಕಪಾಟನ್ನು ಮನೆ ಬಿಡುವಾಗ ಒಯ್ಯಲು ಬರುವುದಿಲ್ಲ.

ಮನೆಯಲ್ಲೇ ಸರ್ವರ್ ಇಟ್ಟರಾಗದೇ ಎಂದು ಕೇಳುವವರಿದ್ದಾರೆ. 2012ರಲ್ಲಿ 35 ಡಾಲರಿಗೆ ಬಂದ ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರು ಈ ಆಸೆಯನ್ನು ಚಿಗುರಿಸಿತು. ಕಲಿಯಲು ಅದರಂಥ ಗುರು ಇಲ್ಲ. ಆದರೆ ಶಿರಸಿಯ ಮಳೆಗಾಲದಲ್ಲಿ ಕರೆಂಟು ಇರುವ ಹೊತ್ತಿನಲ್ಲಷ್ಟೇ ಸೈಟು ತೆರೆದಿರುತ್ತದೆ. ಮೇಲಾಗಿ ನಮ್ಮ ಹಲವು ಇಂಟರ್ನೆಟ್ ಕಂಪನಿಗಳು ಒಂದೇ ಹೊರ ವಿಳಾಸವನ್ನು ನೂರಾರು ಮನೆಗಳಿಗೆ ಹಂಚಿರುವುದರಿಂದ ಹೊರಗಿನವರು ನೇರವಾಗಿ ನಿಮ್ಮ ಬಾಗಿಲಿಗೆ ಬರಲು ಆಗುವುದೇ ಇಲ್ಲ.

ಕನ್ನಡದವರು ಹಣ ಕಟ್ಟುವ ಮುಂಚೆ ಮಾಡಬೇಕಾದ ಸಣ್ಣದೊಂದು ಪರೀಕ್ಷೆ ಇದೆ. ಯೂನಿಕೋಡಿನ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತವೂ ಮೂರು ಬೈಟ್ ತಿನ್ನುತ್ತದೆ. ‘ಕ್ಷ’ ನೋಡಲು ಒಂದೇ ಅಕ್ಷರ. ಒಳಗೆ ಅದು ಕ, ವಿರಾಮ ಚಿಹ್ನೆ, ಷ ಎಂಬ ಮೂರು ಸಂಕೇತ, ಒಂಬತ್ತು ಬೈಟ್. ಹಳೆಯ ಸರ್ವರುಗಳ ಡೇಟಾಬೇಸು ಇಂಗ್ಲಿಷು ಮತ್ತು ಯುರೋಪಿನ ಲಿಪಿಗಳಿಗಷ್ಟೇ ಹೊಂದಿಸಿದ ಸ್ಥಿತಿಯಲ್ಲಿರುತ್ತದೆ. ಅದರಲ್ಲಿ ಕನ್ನಡ ತುರುಕಿದರೆ ಹೊರಬರುವುದು ಸಾಲು ಪ್ರಶ್ನಾರ್ಥಕ ಚಿಹ್ನೆ. ವರ್ಷಗಟ್ಟಲೆ ತುಂಬಿದ ಮೇಲೆ ಹೀಗೆಂದು ತಿಳಿದರೆ ಮರಳಿ ಪಡೆಯುವ ದಾರಿಯಿಲ್ಲ. ಮೊದಲ ದಿನವೇ ನಾಲ್ಕು ಒತ್ತಕ್ಷರ ತುಂಬಿ, ಹೊರತೆಗೆದು, ಮತ್ತೊಂದು ಕಂಪ್ಯೂಟರಿನಲ್ಲಿ ತೆರೆದು ನೋಡಬೇಕು. ಹಾಗೆಯೇ ಗಡಿಯಾರ. ಸರ್ವರ್‌ನ ಗಡಿಯಾರ ಸಾಮಾನ್ಯವಾಗಿ ಗ್ರೀನಿಚ್ ಲೆಕ್ಕದ್ದು. ಧಾರಣೆ ತರುವ ಪ್ರೋಗ್ರಾಮಿಗೆ ಸಂಜೆ ಆರಕ್ಕೆ ಏಳು ಎಂದರೆ ಅದು ಏಳುವುದು ನಮ್ಮ ರಾತ್ರಿ ಹನ್ನೊಂದೂವರೆಗೆ. ಅಪ್ಪ ಆಗ ಮಲಗಿ ಗೊರಕೆ ಹೊಡೆಯುತ್ತಿರುತ್ತಾರೆ.

ಮನೆ ಬಾಡಿಗೆಯದ್ದಾದರೂ ಖಾತಾ ನಿಮ್ಮ ಹೆಸರಿನಲ್ಲಿರಬೇಕು. ಇಲ್ಲಿ ಖಾತಾ ಎಂದರೆ ಡೊಮೇನ್, ಸೈಟಿನ ಹೆಸರು. ಅದನ್ನು ಹೋಸ್ಟಿಂಗ್ ಕಂಪನಿಯ ಬಳಿಯೇ ‘ಜೊತೆಗೆ ಉಚಿತ’ ಎಂದು ಪಡೆಯುವ ಬದಲು ಬೇರೆ ಕಡೆ, ಹಣ ಕೊಟ್ಟು, ತನ್ನ ಹೆಸರಿನಲ್ಲೇ ನೋಂದಾಯಿಸಿಕೊಂಡರೆ ಯಾವ ದಿನ ಬೇಕಾದರೂ ಅದನ್ನು ಹೊಸ ಮನೆಯತ್ತ ತಿರುಗಿಸಬಹುದು, ಬರುವವರಿಗೆ ಗೊತ್ತೂ ಆಗದು. ಪುಕ್ಕಟೆ ಹೆಸರಿನ ಗತಿ ಏನಾಗುತ್ತದೆಂದು ನೋಡಬೇಕಿದ್ದರೆ ಶಾಂತ ಸಾಗರದ ಟೊಕೆಲಾವ್ ದ್ವೀಪಗಳ ‘ಡಾಟ್ ಟಿಕೆ’ ಇದೆ. ಸಾವಿರದೈನೂರರಷ್ಟು ಜನರಿರುವ ಆ ನಾಡಿನ ಹೆಸರಿನಲ್ಲಿ ಫ್ರೀನಾಮ್ ಎಂಬ ಕಂಪನಿ ಕೋಟಿಗಟ್ಟಲೆ ಡೊಮೇನುಗಳನ್ನು ಬಿಟ್ಟಿಯಾಗಿ ಹಂಚಿತು. ಮೋಸಗಾರರೂ ಮುಗಿಬಿದ್ದರು. ಮೆಟಾ ಕಂಪನಿ ಕೋರ್ಟಿಗೆ ಹೋಯಿತು, 2024ರಲ್ಲಿ ಫ್ರೀನಾಮ್ ಈ ವ್ಯಾಪಾರವನ್ನೇ ಬಿಡುವುದಾಗಿ ಸಾರಿತು. ಹಣ ಕೊಟ್ಟು ಕೊಂಡ ಹೆಸರನ್ನೂ ನವೀಕರಿಸಲು ಮರೆಯಬಾರದು ಎಂಬುದಕ್ಕೆ ಮೈಕ್ರೋಸಾಫ್ಟೇ ಸಾಕ್ಷಿ. 1999ರ ಕ್ರಿಸ್‌ಮಸ್ ಹೊತ್ತಿಗೆ ಅದು ತನ್ನ ‘ಪಾಸ್‌ಪೋರ್ಟ್’ ಡೊಮೇನಿನ ಶುಲ್ಕ ಕಟ್ಟಲು ಮರೆತು ಹಾಟ್‌ಮೇಲ್ ಸೇವೆ ಮುಗ್ಗರಿಸಿತು. ಕೊನೆಗೆ ಲಿನಕ್ಸ್ ಪ್ರೋಗ್ರಾಮರ್ ಒಬ್ಬ ತನ್ನ ಜೇಬಿನಿಂದ 35 ಡಾಲರು ಕಟ್ಟಿ ಬಾಗಿಲು ತೆರೆಸಿದ!

ಉಳಿದದ್ದು ನಕಲು ಇಡುವ ವಿಚಾರ. 2021ರ ಮಾರ್ಚ್ 10ರ ನಡುರಾತ್ರಿ ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಕಂಪನಿಯ ಐದಂತಸ್ತಿನ ಸರ್ವರ್ ಕಟ್ಟಡಕ್ಕೆ ಬೆಂಕಿ ಬಿತ್ತು. ಆ ಕಟ್ಟಡ ಪೂರ್ತಿ ಸುಟ್ಟಿತು, ಪಕ್ಕದ್ದರಲ್ಲೂ ಒಂದು ಭಾಗ ಹೋಯಿತು. ಯಾರಿಗೂ ಗಾಯವಾಗಲಿಲ್ಲ, ಆದರೆ ನೆಟ್‌ಕ್ರಾಫ್ಟ್ ಸಂಸ್ಥೆಯ ಎಣಿಕೆಯಂತೆ 36 ಲಕ್ಷ ಸೈಟುಗಳು ಕಣ್ಮರೆಯಾದವು. ನಕಲು ಇಟ್ಟಿದ್ದೇವೆ ಎಂದು ನಿಶ್ಚಿಂತರಾಗಿದ್ದ ಕೆಲವರಿಗೆ ಆ ನಕಲೂ ಅದೇ ಆವರಣದಲ್ಲಿತ್ತೆಂದು ಗೊತ್ತಾದದ್ದು ಬೆಂಕಿ ಆರಿದ ಮೇಲೆ. ಅಜ್ಜನ ತಾಳಮದ್ದಳೆಯ ಒಂದು ಪ್ರತಿ ಶಿರಸಿ ಮನೆಯಲ್ಲಿ ಹಾರ್ಡ್‌ಡಿಸ್ಕಿನಲ್ಲಿ ಇರಲೇಬೇಕು, ಮೂಲ ಕ್ಯಾಸೆಟ್ಟುಗಳು ಅಟ್ಟದ ಮೇಲೆ ಇದ್ದರೂ ಸಹ. ಅವಕ್ಕೆ ಮಲೆನಾಡಿನ ಬೂಸಲು ಹಿಡಿಯದೆ ಬಿಟ್ಟೀತೇ?

ಹಾಗಾದರೆ ನಮ್ಮ ಹುಡುಗಿ ಏನು ಮಾಡಬಹುದು? ಪದಗಳ ಆಟ ಬಿಟ್ಟಿ ಸ್ಥಿರ ತಾಣಕ್ಕೆ ಹೋಗಲಿ. ಮುಚ್ಚಿದರೆ ಹತ್ತು ನಿಮಿಷದಲ್ಲಿ ಇನ್ನೊಂದು ಕಡೆ ಇಡಬಹುದು. ತಾಳಮದ್ದಳೆಯ ಧ್ವನಿಯನ್ನು ಸಾಗಾಟಕ್ಕೆ ಮಿತಿ ಹಾಕಿಡಲು ಬಿಡುವ ಕಡೆ ಇಡಲಿ. ಚೌಕಾಬಾರ, ಧಾರಣೆ, ಗ್ರಂಥಾಲಯ ಮೂರೂ ಒಂದು ಗಿಗಾಬೈಟ್ ಸ್ಮೃತಿಯ ಸಣ್ಣ ವಿಪಿಎಸ್‌ನಲ್ಲಿ, ಮೂರು ಪೆಟ್ಟಿಗೆಗಳಲ್ಲಿ. ಈಮೇಲ್ ಕಳಿಸುವ ಕೆಲಸವನ್ನು ಮಾತ್ರ ಅದಕ್ಕೆ ಹಚ್ಚುವುದು ಬೇಡ. ಹೊಸ ಸರ್ವರುಗಳಿಂದ ಬರುವ ಅಂಚೆಯನ್ನು ಜಗತ್ತು ನಂಬುವುದಿಲ್ಲ, ಹಲವು ಕಂಪನಿಗಳು ಆ ಬಾಗಿಲನ್ನು ಮುಚ್ಚಿಯೇ ಕೊಡುತ್ತವೆ. ಎಲ್ಲ ಸಿದ್ಧವಾದ ಮೇಲೆ, ಯಾರಿಗೂ ತಿಳಿಸುವ ಮುಂಚೆ, ಒಂದು ಭಾನುವಾರ ತಾನಾಗಿಯೇ ಆ ಸರ್ವರನ್ನು ಅಳಿಸಿಹಾಕಿ, ಮನೆಯ ನಕಲಿನಿಂದ ಇನ್ನೊಂದು ಕಂಪನಿಯಲ್ಲಿ ಮತ್ತೆ ಕಟ್ಟಿ ನೋಡಲಿ. ಮೊದಲ ಸಲ ಇಡೀ ದಿನ ಹಿಡಿದೀತು. ಏನೇನು ಬರೆದಿಟ್ಟುಕೊಂಡಿರಲಿಲ್ಲ ಎಂಬುದು ಆಗ ತಿಳಿಯುತ್ತದೆ. ಎರಡನೇ ಸಲಕ್ಕೆ ಒಂದು ಗಂಟೆ ಸಾಕು.

ಆರು ತಿಂಗಳಲ್ಲಿ ಐದರಲ್ಲಿ ಮೂರು ಬಾಡಿಹೋಗುತ್ತವೆ. ಪ್ರಯೋಗವೆಂದರೆ ಹಾಗೆಯೇ. ಆದರೆ ಯಾವುದೋ ಒಂದು ದಿನ ಧಾರಣೆಯ ಪುಟ ಎರಡು ಗಂಟೆ ನಿಂತಾಗ, ಗುರುತಿಲ್ಲದ ಬೆಳೆಗಾರರು ಅಪ್ಪನಿಗೆ ಫೋನು ಮಾಡಿ ‘ನಿಮ್ಮ ಮಗಳ ಪುಟ ಯಾಕೆ ಬರ್ತಾ ಇಲ್ಲ ಮಾರಾಯ್ರೇ’ ಎಂದು ಕೇಳುತ್ತಾರೆ. ಅಲ್ಲಿಗೆ ಅದು ಪ್ರಯೋಗವಾಗಿ ಉಳಿಯಲಿಲ್ಲ. ಆ ವಾರವೇ ಅದರ ಪೆಟ್ಟಿಗೆಯನ್ನು ಎತ್ತಿ, ಬೇರೊಂದು ಸರ್ವರ್‌ನಲ್ಲಿ ಅದೊಂದನ್ನೇ ಇಟ್ಟು, ಹೆಸರನ್ನು ಆ ಕಡೆ ತಿರುಗಿಸಬೇಕು. ಚೌಕಾಬಾರದವರು ಹಳೇ ಫ್ಲ್ಯಾಟಿನಲ್ಲೇ ಗದ್ದಲ ಮಾಡಿಕೊಂಡಿರಲಿ.